ಗದ್ದೆಯ ಬಾಯಿಗೆ ಒಂದೇ ಕೈ

ಆಗಸ್ಟ್ 4

ನನ್ನ ಮುದ್ದಿನ ಟೀಚರಮ್ಮನಿಗೆ,

ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು. ತಡವಾಗಿ ಬಂದಿವೆ, ನಿಜ, ಆದರೆ ತೂಕದಲ್ಲಿ ಒಂದು ಗುಂಜಿಯೂ ಕಮ್ಮಿ ಇಲ್ಲ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಕೋಪ ಇರುತ್ತದೆ, ಇರಲಿ. ಮೊದಲನೆಯದು ಬಂದಾಗ ನಾಟಿ ಕೆಲಸ, ಎರಡನೆಯದು ಬಂದಾಗ ನನ್ನ ಸೊಂಟ, ಮೂರನೆಯದು ಬಂದಾಗ ಸಂಘ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ನಡುವೆ ಮಾತಾಡುತ್ತೀಯ, ನಿನ್ನ ಚಿಕ್ಕಮ್ಮ ಹಿಂದಿನಿಂದ ತಿದ್ದುತ್ತಾಳೆ. ಕಾಗದದಲ್ಲಾದರೆ ಅಡ್ಡ ಬರುವವರಿಲ್ಲ, ನಾನು ಹೇಳಿದ್ದೇ ಸರಿ. ಅಲ್ಲದೆ ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಿನ್ನ ಹೆಸರು ನನ್ನ ಬಾಯಲ್ಲಿ ಬಂದರೆ ಸಾಕು, ಆ ಕಡೆ ನಿನ್ನಪ್ಪ ರೇಡಿಯೋ ಜೋರು ಮಾಡುತ್ತಾನೆ.

ಇದರಿಂದ ನಿನ್ನ ಮೊದಲನೇ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ. ಹೌದು, ಇನ್ನೂ ಸಿಟ್ಟಲ್ಲೇ ಇದ್ದಾನೆ.

ನೀನು ರಜೆಗೆ ಬಂದಾಗ ಊಟಕ್ಕೆ ಕೂತು ಆಡಿದ ಮಾತು ನನಗೂ ಹತ್ತು ಸಲ ನೆನಪಾಗಿದೆ. "ಅಪ್ಪಾ, ಗದ್ದೇಲಿ ಯಾವಾಗಲೂ ನೀರು ನಿಲ್ಲಿಸಿದ್ರೆ ಕೆಸರಿನೊಳಗೆ ಕಸಕಡ್ಡಿ ಕೊಳೆತು ಒಂದು ಗಾಳಿ ಹುಟ್ಟುತ್ತೆ, ಅದು ಮೇಲೆ ಹೋಗಿ ಭೂಮಿನ ಕಾಯಿಸುತ್ತೆ" ಅಂದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಅದೇ ದನಿಯಲ್ಲಿ ಅಂದೆ, ತಪ್ಪೇನಿಲ್ಲ. ಆದರೆ ತಟ್ಟೆಯ ಆ ಕಡೆ ಕೂತಿದ್ದವನು ಈ ಕಾಲುವೆಯ ನೀರುಗಂಟಿ. ಮೂವತ್ತು ವರ್ಷದಿಂದ ತೂಬಿನ ಚಕ್ರ ತಿರುಗಿಸಿ, ಕೆರೆಯಲ್ಲಿ ನೀರಿದ್ದಷ್ಟು ದಿನ ಒಬ್ಬರ ಗದ್ದೆಯನ್ನೂ ಒಣಗಲು ಬಿಡದವನು. ಅರ್ಧ ಊಟಕ್ಕೆ ಎದ್ದ, ಅಂದಿನಿಂದ ನಿನ್ನ ಜೊತೆ ಮಾತು ಬಿಟ್ಟ.

ಈಗ ಕುರ್ಚಿ ಎಳೆದುಕೊಂಡು ಸರಿಯಾಗಿ ಕೂರು, ಸುದ್ದಿ ದೊಡ್ಡದು. ನೀನು ಅಂದು ಹೇಳಿದ್ದನ್ನೇ ನಮ್ಮ ರೈತರ ಸಹಕಾರ ಸಂಘ ಕೈಗೆತ್ತಿಕೊಂಡಿದೆ. ಎತ್ತಿಕೊಂಡಿದೆ ಅಂದರೆ ನಾನು ಎತ್ತಿಸಿದ್ದೇನೆ. ಸಂಘದ ಉಪಾಧ್ಯಕ್ಷ ಯಾರು ಅನ್ನುವುದನ್ನು ಮರೆತಿಲ್ಲ ತಾನೇ?

ನಮ್ಮ ಕಾರ್ಯದರ್ಶಿ ಹುಡುಗಿ ಮೇಲಿನ ಒಕ್ಕೂಟದ ಸಭೆಗೆ ಹೋಗಿದ್ದವಳು ಸ್ಕೂಟರಿನ ಹಿಂದೆ ಒಂದು ಮೂಟೆ ಕಟ್ಟಿಕೊಂಡು ಬಂದಳು. ಗೋದಾಮಿನಲ್ಲಿ ಗೊಬ್ಬರದ ಚೀಲಗಳ ನಡುವೆ ನಾವೆಲ್ಲ ಸಭೆ ಸೇರಿದ್ದೆವು. ಮೂಟೆ ಬಿಚ್ಚಿ ನೆಲಕ್ಕೆ ಸುರಿದಳು. ಮೊಣಕೈ ಉದ್ದದ ಪ್ಲಾಸ್ಟಿಕ್ ಕೊಳವೆಗಳು, ಅರ್ಧದಿಂದ ಕೆಳಗೆ ಬರೀ ತೂತು.

"ಏನಮ್ಮ ಇದು, ಈ ವಯಸ್ಸಲ್ಲಿ ನಮಗೆ ಕೊಳಲು ಕಲಿಸ್ತೀಯಾ?" ಅಂದ ಮೀಸೆ. ನಿನಗೆ ಗೊತ್ತಲ್ಲ, ನನ್ನ ಕೆಳಗದ್ದೆಯವನು, ಮೀಸೆ ಮೊದಲು ಬಂದು ಆಮೇಲೆ ತಾನು ಬರುವವನು.

ಅವಳು ತಾಳ್ಮೆಯಿಂದ ಹೇಳಿದಳು. ಕೊಳವೆಯನ್ನು ಗದ್ದೆಯಲ್ಲಿ ಅರ್ಧ ಹೂಳಬೇಕು. ಒಳಗೆ ಇಣುಕಿದರೆ ಮಣ್ಣಿನ ಕೆಳಗೆ ನೀರು ಎಷ್ಟು ಆಳದಲ್ಲಿದೆ ಅಂತ ಕಾಣುತ್ತದೆ. ಎಂಟು ಬೆರಳು ಕೆಳಗೆ ಇಳಿಯುವವರೆಗೆ ನೀರು ಬಿಡುವುದು ಬೇಡ. ಮೇಲೆ ಒಣಗಿದ ಹಾಗೆ ಕಂಡರೂ ಬೇರಿಗೆ ಕೆಳಗಡೆ ನೀರು ಸಿಗುತ್ತಿರುತ್ತದೆ. ಇಳಿದ ಮೇಲೆ ಮತ್ತೆ ಕಟ್ಟು, ಮತ್ತೆ ಇಳಿಯಲು ಬಿಡು. ಹೂ ಬಿಡುವ ಹೊತ್ತಿಗೆ ಮಾತ್ರ ನೀರು ನಿಲ್ಲಲೇಬೇಕು. ಹೀಗೆ ಮಾಡಿದರೆ ಮಣ್ಣು ಉಸಿರಾಡುತ್ತದೆ, ಆ ಕೆಟ್ಟ ಗಾಳಿ ಹುಟ್ಟುವುದು ಕಮ್ಮಿಯಾಗುತ್ತದೆ, ನೀರೂ ಉಳಿಯುತ್ತದೆ.

"ಹಂಗಾದ್ರೆ ಬೇಕಾದವರು ಮಾಡ್ಕೊಳ್ಳಲಿ, ಎಲ್ಲರನ್ನೂ ಯಾಕೆ ಎಳೀತೀರಿ?" ಅಂತ ಹಿಂದಿನಿಂದ ಯಾರೋ ಕೇಳಿದರು.

ಆಗ ದರ್ಜಿ ಎದ್ದ. ಹೋದ ವರ್ಷ ಅವನು ಒಬ್ಬನೇ ಮಾಡಿ ನೋಡಿದ್ದನಂತೆ. ನಮ್ಮ ಗದ್ದೆಗಳು ಮೆಟ್ಟಿಲ ಹಾಗೆ ಇಳಿದುಕೊಂಡು ಹೋಗುತ್ತವೆ. ಮೇಲಿನವನ ಗದ್ದೆಯಲ್ಲಿ ನೀರು ನಿಂತರೆ ಬದುವಿನೊಳಗಿಂದ ಜಿನುಗಿ ಕೆಳಗಿನವನದೂ ಒದ್ದೆ. "ಒಗೆದ ಅಂಗಿನ ಮಳೇಲಿ ಹರವಿ ಒಣಗ್ಲಿ ಅಂತ ಕಾದ ಹಾಗಾಯ್ತು. ಮಾಡಿದ್ರೆ ಕಾಲುವೆ ಉದ್ದಕ್ಕೂ ಎಲ್ಲರೂ ಒಟ್ಟಿಗೆ ಮಾಡ್ಬೇಕು" ಅಂದ.

ಕಾಲುವೆಯ ಬಾಲದಲ್ಲಿ ಗದ್ದೆ ಇರುವ ಬಡಗಿ, ಎಂದೂ ಬಾಯಿ ಬಿಡದವನು, ಅವತ್ತು ಕೇಳಿದ. "ಮೇಲಿನವರು ಉಳಿಸಿದ ನೀರು ನನ್ನವರೆಗೂ ಬರುತ್ತಾ?" ಮಳೆ ಹೇಳಿದ ಹೊತ್ತಿಗೆ ಬರುವುದನ್ನು ಬಿಟ್ಟ ಮೇಲೆ ಅವನ ಗದ್ದೆಗೆ ಹೂ ಬಿಡುವ ಕಾಲಕ್ಕೆ ನೀರು ತಲುಪಿದ್ದೇ ಇಲ್ಲ. ಯಾರೂ ಅವನ ಮುಖ ನೋಡಲಿಲ್ಲ.

ಅಲ್ಲಿ ನಾನು ಎದ್ದೆ. ಎಂಥ ಭಾಷಣ ಮಾಡಿದೆ ಅಂತ ನಾನೇ ಹೇಳಿದರೆ ಚೆನ್ನಾಗಿರುವುದಿಲ್ಲ, ಆದರೆ ಬೇರೆ ಯಾರೂ ಹೇಳುವ ಹಾಗೆ ಕಾಣುತ್ತಿಲ್ಲ. ಏಳನೇ ಕ್ಲಾಸು ಒಂದೇ ಏಟಿಗೆ ಪಾಸಾದವನು ನಾನು (ನಿನ್ನಪ್ಪನಿಗೆ ಎರಡು ಏಟು ಬೇಕಾಯಿತು). ಕಾರ್ಯದರ್ಶಿ ಗಡಿಯಾರ ನೋಡಿದ್ದು ಎರಡೇ ಸಲ. ಕೊನೆಗೆ ಕೈಗಳು ಎದ್ದವು. ಮೀಸೆಯದೂ ಎದ್ದಿತು, ಕಿವಿ ಕೆರೆದುಕೊಳ್ಳಲು ಎತ್ತಿದೆ ಅಂತ ಆಮೇಲೆ ಹೇಳಿದ, ಆದರೆ ಲೆಕ್ಕಕ್ಕೆ ಹಿಡಿದಾಗಿತ್ತು.

ಎತ್ತದೆ ಇದ್ದದ್ದು ಒಂದೇ ಕೈ, ನಿನ್ನಪ್ಪನದು. ಅಣ್ಣ ಎದ್ದು ನಿಂತ. "ಗದ್ದೆ ಒಣಗಿದ್ರೆ ಜನ ನನ್ನ ಬೈತಿದ್ರು. ಬೈಸ್ಕೊಂಡೇ ಕೆಲಸ ಕಲ್ತೆ. ಈಗ ಒಣಗಿಸಿಲ್ಲ ಅಂತ ಬೈಸ್ಕೋಬೇಕಾ? ಬೇರೆಯವರನ್ನ ನೋಡ್ಕೊಳ್ಳಿ" ಅಂದ. ತೂಬಿನ ಚಕ್ರಕ್ಕೆ ಹಾಕಿ ತಿರುಗಿಸುವ ಕಬ್ಬಿಣದ ಹಿಡಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟ. ಜೋರಾಗಿ ಇಟ್ಟಿದ್ದರೆ ನಾವೂ ಜೋರಾಗಿ ಏನಾದರೂ ಹೇಳುತ್ತಿದ್ದೆವು. ಮೆತ್ತಗೆ ಇಟ್ಟು ಹೋದ.

ಹಿಡಿ ಈಗ ನನ್ನ ಹತ್ತಿರ ಇದೆ. ತೂಬು ತಿರುಗಿಸುವುದು ಏನು ಮಹಾ ವಿದ್ಯೆ? ಮೊದಲನೇ ದಿನ ಚಕ್ರ ಸ್ವಲ್ಪ ಆ ಕಡೆ ತಿರುಗಿ ದರ್ಜಿಯ ಅಂಗಳಕ್ಕೆ ನೀರು ನುಗ್ಗಿತು, ಅವನು ಹೊಲಿಗೆ ಯಂತ್ರದ ಮೇಲೆ ಕಾಲು ಮಡಿಸಿ ಕೂತು ಕೂಗಿದ. ಯಾವ ಕಡೆ ತಿರುಗಿಸಬೇಕು ಅಂತ ಚಕ್ರದ ಮೇಲೆ ಬರೆಯದವರದು ತಪ್ಪು.

ನಿನ್ನಪ್ಪ ಮನೆಯಲ್ಲೇ ಇದ್ದಾನೆ. ಅಡುಗೆಮನೆಯ ಡಬ್ಬಿಗಳ ಮುಚ್ಚಳವೆಲ್ಲ ಸರಿಮಾಡಿ ಮುಗಿಸಿದ, ಈಗ ಸರಿಯಾಗೇ ಇದ್ದ ಬಾಗಿಲುಗಳನ್ನು ಸರಿಮಾಡುತ್ತಿದ್ದಾನೆ. "ಇವರನ್ನ ಸಂಘ ವಾಪಸ್ ಕರ್ಕೊಳ್ಳದಿದ್ರೆ ನಾನೇ ಮನೆ ಬಿಟ್ಟು ಸಂಘದಲ್ಲಿ ಇರ್ತೀನಿ" ಅಂತ ನಿನ್ನಮ್ಮ ನನ್ನ ಹೆಂಡತಿಗೆ ಹೇಳಿದರಂತೆ.

ಆದ್ದರಿಂದ ನನ್ನ ತಲೆಯ ಮೇಲೆ ಈಗ ಎರಡು ಕೆಲಸ. ಕಾಲುವೆ ಉದ್ದಕ್ಕೂ ಗದ್ದೆಗಳು ಒಟ್ಟಿಗೆ ಒಣಗಬೇಕು. ನಿನ್ನಪ್ಪ ಎದ್ದು ಮತ್ತೆ ಕಾಲುವೆಗೆ ಬರಬೇಕು. ಅವನು ಕಾಲುವೆಗೆ ಬಂದರೆ ನಿನ್ನ ಹತ್ತಿರಕ್ಕೂ ಬಂದ ಹಾಗೆ ಅನ್ನುವುದು ನನ್ನ ಲೆಕ್ಕಾಚಾರ. ನನ್ನ ಲೆಕ್ಕಾಚಾರ ಯಾವತ್ತಾದರೂ ತಪ್ಪಿದ್ದುಂಟಾ? ನಿನ್ನ ಚಿಕ್ಕಮ್ಮನನ್ನು ಕೇಳಬೇಡ.

ಹೊತ್ತುಹೊತ್ತಿಗೆ ಊಟ ಮಾಡು. ಮಕ್ಕಳಿಗೆ ಹೊಡೆಯಬೇಡ.

ನಿನ್ನ ಚಿಕ್ಕಪ್ಪ
(ಉಪಾಧ್ಯಕ್ಷ, ಸದ್ಯಕ್ಕೆ ನೀರುಗಂಟಿಯೂ)


ಸೆಪ್ಟೆಂಬರ್ 9

ಟೀಚರಮ್ಮ,

ಈ ಸಲ ತಡ ಮಾಡಿಲ್ಲ, ಗಮನಿಸು. ಬೆಳಗಿನ ಕಾಫಿ ಆರುತ್ತಿದ್ದರೂ ಲೆಕ್ಕಿಸದೆ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಬೇರೆಯವರ ಬಾಯಿಂದ ನೀನು ಕೇಳಿದರೆ ಕತೆ ಹಾಳಾಗುತ್ತದೆ, ನನ್ನ ಮಾನವೂ.

ಸೋಮವಾರ ಎಲ್ಲರೂ ತಮ್ಮ ಗದ್ದೆಯ ಬಾಯಿಗೆ ಮಣ್ಣು ಮೆತ್ತಿ ನೀರು ಕಟ್ಟಬೇಕು ಅಂತ ತೀರ್ಮಾನ ಆಯಿತು. ಬಾಯಿ ಅಂದರೆ ಕಾಲುವೆಯಿಂದ ಗದ್ದೆಗೆ ನೀರು ಇಳಿಯುವ ಕಿಂಡಿ, ನೀನು ಚಿಕ್ಕವಳಿದ್ದಾಗ ಕಾಗದದ ದೋಣಿ ಬಿಡುತ್ತಿದ್ದೆಯಲ್ಲ, ಅದೇ. ದನಗಳಿಗೂ ತರಕಾರಿ ಮಡಿಗಳಿಗೂ ಬೇಕು ಅಂತ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇತ್ತು. ಎಲ್ಲರೂ ಹೇಳಿದ ಹಾಗೆ ಮೆತ್ತಿದರು. ಅಣ್ಣನ ಗದ್ದೆ ಒಂದು ಬಿಟ್ಟು ಎಲ್ಲ ಕಡೆ ನಾನೇ ಒಂದು ಸುತ್ತು ಹೋಗಿ ನೋಡಿ ಬಂದೆ.

ವಾರದ ಕೊನೆಗೆ ಕಾರ್ಯದರ್ಶಿ ಕೊಳವೆ ನೋಡಲು ಬಂದಳು. ದರ್ಜಿಯ ಗದ್ದೆಗೆ ಬಗ್ಗಿದಳು, ನೀರು. ಮೀಸೆಯ ಗದ್ದೆಗೆ ಬಗ್ಗಿದಳು, ನೀರು. ಬಡಗಿಯ ಗದ್ದೆಯಲ್ಲಿ ಬಗ್ಗುವುದೇ ಬೇಕಾಗಲಿಲ್ಲ, ದಡದಿಂದಲೇ ನೀರಿನಲ್ಲಿ ಆಕಾಶ ಕಾಣಿಸುತ್ತಿತ್ತು.

"ಉಪಾಧ್ಯಕ್ಷರೇ, ಒಕ್ಕೂಟದವರು ಮುಂದಿನ ವಾರ ನೋಡೋಕೆ ಬರ್ತಾರೆ. ನಾನು ಏನು ತೋರಿಸ್ಲಿ, ಮೀನಾ?" ಅಂದಳು. ಅಳುವ ಹಾಗಿದ್ದಳು ಪಾಪ.

ಯಾರನ್ನು ಕೇಳಿದರೂ "ನಾನು ನನ್ನ ಗದ್ದೆ ಬಾಯಿ ಮುಟ್ಟಿಲ್ಲ" ಅನ್ನುತ್ತಾರೆ. ನೋಡಿದರೆ ನಿಜ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಆಗ ಮೀಸೆ ನನ್ನನ್ನು ಪಕ್ಕಕ್ಕೆ ಕರೆದು, "ಹೇಳೋಕೆ ಕಷ್ಟ, ಆದ್ರೆ ನಿಮ್ಮಣ್ಣನೇ ಇರ್ಬೇಕು. ಈ ಯೋಜನೆ ಮಲಗಿಬಿಡ್ಲಿ ಅಂತ ಎಲ್ಲರ ಬಾಯಿ ಬಿಚ್ಚಿ ಹೋಗ್ತಿದ್ದಾನೆ" ಅಂದ. ನನಗೆ ಮೈ ಉರಿಯಿತು. ಅಣ್ಣನ ಮೇಲೋ ಮೀಸೆಯ ಮೇಲೋ ಗೊತ್ತಾಗಲಿಲ್ಲ. ಕಳ್ಳನನ್ನು ನಾನೇ ಹಿಡಿಯುತ್ತೇನೆ, ಅಣ್ಣನೇ ಆಗಿದ್ದರೂ ಸರಿ ಅಂತ ಎದೆ ತಟ್ಟಿ ಹೇಳಿದೆ. ಸಂಜೆ ಹೊತ್ತು ಕೊಡೆ ಹಿಡಿದು ಪಂಪ್ ಮನೆಯ ಹಿಂದೆ ಅಡಗಿ ಕೂತೆ. ಒಂದು ನರಪಿಳ್ಳೆಯೂ ಬರಲಿಲ್ಲ, ಸೊಳ್ಳೆಗಳು ಮಾತ್ರ ಕುಟುಂಬ ಸಮೇತ ಬಂದವು.

ಮಾರನೇ ಬೆಳಿಗ್ಗೆ ಗೋಡೆಯ ಆ ಕಡೆಯಿಂದ ಅಣ್ಣ ಕರೆದ. "ಲೇ, ಬಾ ಇಲ್ಲಿ." ಸಭೆಯ ದಿನದಿಂದ ಅವನು ನನ್ನ ಜೊತೆ ಆಡಿದ ಮೊದಲನೇ ಮಾತು ಇದು. ಹೋದೆ. ಮುಂದೆ ಅವನು, ಹಿಂದೆ ನಾನು, ನೇರ ಅವನ ಗದ್ದೆಗೆ. ಅಲ್ಲಿ ನನಗೆ ಒಂದು ಆಶ್ಚರ್ಯ ಕಾದಿತ್ತು. ಸಂಘಕ್ಕೆ ಬರುವುದಿಲ್ಲ ಅಂದವನು ತನ್ನ ಗದ್ದೆಯ ಬಾಯಿಗೆ ಉಳಿದವರಂತೆಯೇ ಮಣ್ಣು ಮೆತ್ತಿದ್ದ. ಆದರೆ ಯಾರೋ ಅದನ್ನು ಒದ್ದು ತೆಗೆದಿದ್ದರು, ನೀರು ಗದ್ದೆ ತುಂಬಿತ್ತು. ಒದ್ದ ಜಾಗದಲ್ಲಿ ಕಾಲಿನ ಗುರುತು. ಹೆಬ್ಬೆರಳು ಆ ಕಡೆ ತಿರುಗಿದ ಬಲಗಾಲು.

"ಯಾರದ್ದೋ ಇದು?" ಅಂದ.

ನಾನು ಸ್ವಲ್ಪ ಹೊತ್ತು ನೋಡಿದೆ. ನೋಡಿದ ಕಾಲಿನ ಹಾಗೇ ಇತ್ತು. ಆಮೇಲೆ ನನ್ನ ಕಾಲು ನೋಡಿಕೊಂಡೆ.

ನಡೆದದ್ದು ಇಷ್ಟು, ಟೀಚರಮ್ಮ. ಹಿಂದಿನ ಸಂಜೆ ಕಳ್ಳನನ್ನು ಹಿಡಿಯಲು ಹೋಗುವಾಗ ಅಣ್ಣನ ಗದ್ದೆಯ ಬದುವಿನ ಮೇಲೆ ಹೋಗಿದ್ದೆ. ಗದ್ದೆ ಒಣಗಿತ್ತು. ಪಾಪ, ಮರೆತಿದ್ದಾನೆ ಅಂತ ತಲೆ ಅಂದುಕೊಳ್ಳುವ ಮೊದಲೇ ಕಾಲು ಕೆಲಸ ಮುಗಿಸಿತ್ತು. ಪಕ್ಕದವನ ಗದ್ದೆ ಒಣಗಿದ್ದರೆ ಒಂದು ಒದೆ ಕೊಟ್ಟು ಬಾಯಿ ಬಿಚ್ಚಿ ಮುಂದೆ ಹೋಗುವುದು, ಹೇಳದೆ ಕೇಳದೆ, ಹುಟ್ಟಿದಾಗಿನಿಂದ ನಾವು ಮಾಡಿಕೊಂಡು ಬಂದದ್ದು ಅದೇ ತಾನೇ. ಪರೀಕ್ಷೆ ಮಾಡಲು ಬೇಕಂತಲೇ ಹಾಗೆ ಮಾಡಿದೆ ಅಂತ ಅಣ್ಣನಿಗೆ ಹೇಳಿ ನೋಡಿದೆ. ನಂಬಲಿಲ್ಲ.

ಅಷ್ಟರಲ್ಲಿ ನನಗೆ ಮಿಂಚು ಹೊಡೆದಂತಾಯಿತು. ಅವತ್ತೇ ಗೋದಾಮಿನಲ್ಲಿ ಸಭೆ ಕರೆಸಿದೆ. ಎದ್ದು ನಿಂತು, "ಅಣ್ಣನ ಗದ್ದೆಗೆ ನೀರು ಬಿಟ್ಟವನು ನಾನೇ" ಅಂದೆ. ದರ್ಜಿ ಕತ್ತಿನ ಟೇಪು ಎಳೆದುಕೊಳ್ಳುತ್ತಾ, "ಮೀಸೆಯವರ ಗದ್ದೆಗೆ ನಾನು ಬಿಟ್ಟೆ, ಬಿರುಕು ನೋಡಿ ತಡ್ಕೊಳ್ಳೋಕೆ ಆಗ್ಲಿಲ್ಲ" ಅಂದ.

ಮೀಸೆ ತಿರುಗಿದ. "ನನ್ನ ಗದ್ದೆಗಾ? ಲೋ, ನಾನು ಬಡಗಿದಕ್ಕೆ ಬಿಟ್ಟು ಬಂದಿದ್ದೆನಲ್ಲೋ. ಪಾಪ ಬಾಲದಲ್ಲಿ ಇದ್ದಾನೆ, ಯಾರೂ ಕೇಳೋರಿಲ್ಲ ಅಂತ."

ಬಡಗಿ ಕೈ ಎತ್ತಿದ. "ನಾನು ದರ್ಜಿದಕ್ಕೆ."

ಒಬ್ಬನೂ ತನ್ನ ಗದ್ದೆಗೆ ನೀರು ಬಿಟ್ಟುಕೊಂಡಿಲ್ಲ. ಸಂಘದ ಮಾತು ಎಲ್ಲರೂ ಪಾಲಿಸಿದ್ದಾರೆ. ಪಕ್ಕದವನ ಗದ್ದೆ ಮಾತ್ರ ನೋಡಲಾಗಿಲ್ಲ. ಕಾರ್ಯದರ್ಶಿ ಮೇಜಿನ ಮೇಲೆ ತಲೆ ಇಟ್ಟಳು. ಅಳುತ್ತಿದ್ದಾಳೆ ಅಂತ ನಾವು ಹೆದರಿದೆವು, ಭುಜ ಕುಣಿಯುವುದು ನೋಡಿದರೆ ನಗು. ಅಷ್ಟು ಹೊತ್ತಿಗೆ ಕಿಟಕಿಯ ಹೊರಗೂ ಒಬ್ಬರು ನಕ್ಕರು. ಅಣ್ಣ. ನನ್ನ ಹಿಂದೆಯೇ ಬಂದು, ಒಳಗೂ ಬರದೆ ಆಚೆಗೂ ಹೋಗದೆ ನಿಂತಿದ್ದ.

ಒಳಗೆ ಬಂದ. "ನೀರು ಕೊಡೋದು ನಿಮ್ಮ ಕಾಲಿಗೇ ಗೊತ್ತು. ಕೊಡದೇ ಇರೋದು ತಲೆಗೂ ಗೊತ್ತಿಲ್ಲ" ಅಂದ. ಆಮೇಲೆ ಹಿಡಿಗೆ ಕೈ ಚಾಚಿದ. ನಾನು ಒಂದು ಗಳಿಗೆ ಬಿಗಿ ಹಿಡಿದೆ, ಸುಮ್ಮನೆ ಕೊಟ್ಟರೆ ಬೆಲೆ ಇರುವುದಿಲ್ಲ ಅಂತ. "ಕೊಡೋ, ದರ್ಜಿ ಮನೇಲಿ ಮಕ್ಕಳು ಈಜು ಕಲಿತಾ ಇದ್ದಾವೆ" ಅಂದ. ಕೊಟ್ಟೆ.

ಅವನ ಕರಾರು ಒಂದೇ. ಇನ್ನು ಮುಂದೆ ಯಾವ ಗದ್ದೆಯ ಬಾಯಿಗೂ ಯಾರೂ ಕೈ ಹಾಕಬಾರದು, ಕಾಲೂ ಹಾಕಬಾರದು. ಬಿಚ್ಚುವವನು ಅವನೇ, ಕಟ್ಟುವವನು ಅವನೇ.

"ನನ್ನ ಗದ್ದೆಗೆ ನಾನೇ ಕೈ ಹಾಕ್ಬಾರದಾ?" ಅಂತ ಮೀಸೆ ಎಗರಿದ.

"ಗದ್ದೆ ನಿನ್ನದೇ. ಭತ್ತವೂ ನಿನ್ನದೇ. ಬಾಯಿ ಮಾತ್ರ ಸಂಘದ್ದು."

ಗೊಣಗಾಡಿದರು, ಆದರೆ ಒಪ್ಪಿದರು. ತನ್ನ ನೆಲದ ಒಂದು ಹಿಡಿ ಮಣ್ಣನ್ನು ತಾನೇ ಮುಟ್ಟುವುದಿಲ್ಲ ಅಂತ ಒಪ್ಪುವುದು ರೈತನಿಗೆ ಸಣ್ಣ ಮಾತಲ್ಲ. ನೀನು ಪುಸ್ತಕದಲ್ಲಿ ಸಹಕಾರ ಅಂತ ಪಾಠ ಮಾಡುತ್ತೀಯಲ್ಲ, ಅದು ಇದೇ ಅಂತ ನನಗೆ ಅವತ್ತು ತಿಳಿಯಿತು. ಮನೆಗೆ ಬಂದು ಹೇಳಿದರೆ ನಿನ್ನ ಚಿಕ್ಕಮ್ಮ, "ರೀ, ಹೆಂಗೂ ಬಾಯಿ ಎಲ್ಲಾ ಸಂಘಕ್ಕೆ ಕೊಡ್ತಿದ್ದೀರಿ, ನಿಮ್ಮದನ್ನೂ ಒಂದು ಕೊಟ್ಟು ಬನ್ನಿ" ಅಂದಳು.

ಇದನ್ನೆಲ್ಲ ಯಾರು ಮಾಡಿದ್ದು ಅಂತ ಈಗ ಯೋಚಿಸು. ನಾನು ಆ ಸಂಜೆ ಒದೆಯದೆ ಇದ್ದಿದ್ದರೆ ಅಣ್ಣ ಕರೆಯುತ್ತಿರಲಿಲ್ಲ, ಸಭೆ ನಡೆಯುತ್ತಿರಲಿಲ್ಲ, ಅವನು ನಗುತ್ತಿರಲಿಲ್ಲ. ಮನುಷ್ಯನ ಮನಸ್ಸು ತಿರುಗಿಸುವ ವಿದ್ಯೆ ನನ್ನ ಕಾಲಿಗೂ ಬಂದಿದೆ. ಇನ್ನು ನಿನ್ನ ಫೋನ್ ಹೊಡೆದುಕೊಳ್ಳುವುದು ಇವತ್ತೋ ನಾಳೆಯೋ. ಕ್ಲಾಸಿನಲ್ಲಿದ್ದರೂ ಎತ್ತು.

ನಿನ್ನ ಹೆಮ್ಮೆಯ
ಚಿಕ್ಕಪ್ಪ


ನವೆಂಬರ್ 26

ಟೀಚರಮ್ಮ,

ಮತ್ತೆ ತಡವಾಯಿತು. ಈ ಸಲ ಕಾರಣ ಕೊಯ್ಲು, ಮತ್ತೆ ಸನ್ಮಾನ. ಸನ್ಮಾನ ಸಂಘಕ್ಕೆ, ನನಗಲ್ಲ, ಆದರೆ ವೇದಿಕೆಯ ಮೇಲೆ ನನಗೂ ಕುರ್ಚಿ ಇತ್ತು.

ಮೊದಲು ನಿನ್ನ ಗದ್ದೆಯ ಪಾಠ ಎಲ್ಲಿಗೆ ಬಂತು ಅಂತ ಕೇಳು. ನಿನ್ನಪ್ಪನನ್ನು ನೀನು ನೋಡಬೇಕಿತ್ತು. ಬೆಳಿಗ್ಗೆ ಒಂದು ಕೋಲು ಹಿಡಿದು ಹೊರಡುತ್ತಾನೆ. ಕೊಳವೆ ಕೊಳವೆಗೂ ಕೋಲು ಇಳಿಸಿ, ಒದ್ದೆಯಾದ ಕಡೆಗೆ ಬೆರಳಿಟ್ಟು ನೋಡಿ, ಮುಂದೆ ಹೋಗುತ್ತಾನೆ. ಯಾರಾದರೂ ಬದುವಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಕೆಮ್ಮುತ್ತಾನೆ. ಮೀಸೆಯ ಅತ್ತೆ ಕಾಲು ತೊಳೆಯಲು ಕಾಲುವೆಗೆ ಇಳಿದರೆ ಅಲ್ಲಿಗೂ ಕೆಮ್ಮಿಕೊಂಡು ಹೋದ. "ಅಜ್ಜಿ, ಕಾಲು ತೊಳ್ಕೋ, ಆ ಕಡೆ ಚಾಚಬೇಡ." ನನ್ನ ಕಾಲನ್ನಂತೂ ಅವನು ಎರಡು ಕಣ್ಣಿನಿಂದಲೂ ಕಾಯುತ್ತಾನೆ.

ಅಕ್ಟೋಬರಿನಲ್ಲಿ ಮಳೆ ಕೈಕೊಟ್ಟಿತು. ನಿಮ್ಮ ಕಡೆಯೂ ಹಾಗೇ ಇತ್ತು ಅಂತ ನೀನು ಬರೆದಿದ್ದೆ. ಭತ್ತ ಹೂ ಬಿಡುವ ಹೊತ್ತು, ಆಕಾಶ ತೊಳೆದಿಟ್ಟ ತಟ್ಟೆ. ಬೇರೆ ವರ್ಷವಾಗಿದ್ದರೆ ಕೆರೆ ಅಷ್ಟು ಹೊತ್ತಿಗೆ ತಳ ಕಾಣುತ್ತಿತ್ತು. ಈ ಸಲ ನೀರಿತ್ತು. ನಾವು ಕುಡಿಯದೆ ಬಿಟ್ಟ ನೀರು, ಟೀಚರಮ್ಮ, ಎಲ್ಲರ ಗದ್ದೆಯಲ್ಲೂ ಸುಮ್ಮನೆ ನಿಂತು ಗುಳ್ಳೆ ಬಿಡುತ್ತಿದ್ದ ನೀರು, ಕೆರೆಯಲ್ಲಿ ತಣ್ಣಗೆ ಕೂತಿತ್ತು. ಅಣ್ಣ ಚಕ್ರಕ್ಕೆ ಹಿಡಿ ಹಾಕಿ ತಿರುಗಿಸಿದ. ನಾವು ಕಾಲುವೆಯ ಪಕ್ಕದಲ್ಲಿ ನೀರಿನ ಜೊತೆ ನಡೆದೆವು, ಮದುವೆ ದಿಬ್ಬಣದ ಹಾಗೆ. ಮೀಸೆಯ ಗದ್ದೆ ದಾಟಿತು, ದರ್ಜಿಯದು ದಾಟಿತು, ಪ್ರತಿ ವರ್ಷ ನೀರು ಸೋತು ನಿಲ್ಲುತ್ತಿದ್ದ ಆ ಮುರುಕು ಸೇತುವೆಯನ್ನೂ ದಾಟಿತು. ಅಲ್ಲಿ ದರ್ಜಿ ಶಿಳ್ಳೆ ಹೊಡೆದ. ಅಷ್ಟು ವಯಸ್ಸಾದವನು ಅಷ್ಟು ಚೆನ್ನಾಗಿ ಶಿಳ್ಳೆ ಹೊಡೆಯುವುದು ನಾನು ಕಂಡಿರಲಿಲ್ಲ.

ಮಾರನೇ ದಿನ ಬಡಗಿ ಉಳಿ ಕೈಯಲ್ಲೇ ಹಿಡಿದುಕೊಂಡು ಅಣ್ಣನ ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ. "ನಿನ್ನೆ ನನ್ನ ಗದ್ದೇಲಿ ಕಪ್ಪೆ ಕೂಗ್ತು. ಮನೆಯವಳು ನನ್ನ ಎಬ್ಬಿಸಿ ಕೇಳಿಸಿದ್ಲು" ಅಂದ. ಅಷ್ಟೇ ಹೇಳಿ ಹೋದ.

ಭತ್ತ ಕಮ್ಮಿಯಾಗಲಿಲ್ಲ. ಮೀಸೆ ಕಮ್ಮಿಯಾಗುತ್ತದೆ ಅಂತ ನನ್ನ ಹತ್ತಿರ ಪಂದ್ಯ ಕಟ್ಟಿದ್ದ, ಸೋತರೆ ಮೀಸೆ ಬೋಳಿಸುತ್ತೇನೆ ಅಂದಿದ್ದ. ಈಗ ನನ್ನ ಕಂಡರೆ ಮುಖಕ್ಕೆ ಟವಲ್ ಹಾಕಿಕೊಂಡು ಓಡಾಡುತ್ತಾನೆ.

ಒಕ್ಕೂಟದವರು ಗದ್ದೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಆ ಗಾಳಿ ಹಿಡಿದು ಅಳೆದರು. ಪಕ್ಕದ ಕಾಲುವೆಯ ಗದ್ದೆಗಳಿಗೆ ಹೋಲಿಸಿದರೆ ನಮ್ಮದರಲ್ಲಿ ತುಂಬಾ ಕಮ್ಮಿ ಬಂತು. ಕಾರ್ಯದರ್ಶಿ ಅದನ್ನು ಓದಿ ಹೇಳಿದಾಗ ಗೋದಾಮಿನಲ್ಲಿ ಜನ ಚಪ್ಪಾಳೆ ತಟ್ಟಿದರು. ಕಣ್ಣಿಗೆ ಕಾಣದ, ಮೂಗಿಗೆ ಗೊತ್ತಾಗದ ಒಂದು ವಸ್ತು ಹುಟ್ಟಲಿಲ್ಲ ಅಂತ ರೈತರು ಚಪ್ಪಾಳೆ ತಟ್ಟಿದ್ದು ಪ್ರಪಂಚದಲ್ಲಿ ಇದೇ ಮೊದಲಿರಬೇಕು. ಇದನ್ನು ನಿನ್ನ ಮಕ್ಕಳಿಗೆ ಹೇಳು. ನನ್ನ ಹೆಸರು ಹಾಕಿ ಹೇಳು.

ಈಗ ಪಕ್ಕದ ಕಾಲುವೆಯ ಸಂಘದವರು ನೋಡಲು ಬರುತ್ತಿದ್ದಾರೆ, ಅದರಾಚೆಯವರೂ ಬರುತ್ತಾರಂತೆ. ಅವರನ್ನೆಲ್ಲ ಸುತ್ತಾಡಿಸುವ ಕೆಲಸ ನನ್ನದು. ಕೊಳವೆ ತೋರಿಸುತ್ತೇನೆ, ಸೇತುವೆ ತೋರಿಸುತ್ತೇನೆ, ಆಮೇಲೆ ನನ್ನ ಬಲಗಾಲು ತೋರಿಸುತ್ತೇನೆ. ಅವರಿಗೂ ಹೇಳಿ ಕಳಿಸಿದ್ದೇನೆ, ಮೊದಲು ನಿಮ್ಮ ಕಾಲುಗಳನ್ನು ಸಂಘಕ್ಕೆ ಸೇರಿಸಿಕೊಳ್ಳಿ ಅಂತ. ಒಂದೊಂದೇ ಕಾಲುವೆ ಹೀಗೆ ಸೇರಿಕೊಂಡು ಹೋದರೆ ಎಷ್ಟು ದೂರ ಹೋಗಬಹುದು ಅಂತ ಯೋಚಿಸಿದರೆ ನನಗೆ ಈ ವಯಸ್ಸಿನಲ್ಲೂ ಓಡಬೇಕು ಅನ್ನಿಸುತ್ತದೆ.

ನೀನು ಕೇಳಿದ್ದೀಯ, ಕಾಲುವೆಗೆ ಬಂದರೂ ಅಪ್ಪ ನನಗೆ ಯಾಕೆ ಫೋನ್ ಮಾಡಲಿಲ್ಲ, ಇನ್ನೂ ಸಿಟ್ಟಾ ಅಂತ. ಸಿಟ್ಟು ಇಲ್ಲ. ಅಷ್ಟು ಮಾತ್ರ ಬರೆಯುತ್ತೇನೆ. ಕೆಲಸ ಜಾಸ್ತಿ ಇತ್ತು ಅಂದುಕೋ.

ನಿನ್ನ ಚಿಕ್ಕಮ್ಮ ನಿನಗೆ ಒಂದು ಸ್ವೆಟರ್ ಹೆಣೆಯುತ್ತಿದ್ದಾಳೆ. ಒಂದು ತೋಳು ಉದ್ದ ಬಂದಿದೆ, ಹೊಗಳಿ ಬರೆ. ನಿನ್ನಮ್ಮ ಚೆನ್ನಾಗಿದ್ದಾರೆ, ಡಬ್ಬಿಗಳ ಮುಚ್ಚಳ ಈಗ ತೆರೆಯಲು ಬರುವುದಿಲ್ಲ ಅನ್ನುವುದು ಬಿಟ್ಟರೆ ಬೇರೆ ದೂರಿಲ್ಲ. ನೀನು ಕಲಿಸಿದ ಮಕ್ಕಳು ನಿನಗಿಂತ ಜಾಣರಾಗಲಿ, ನೀನು ನನ್ನಷ್ಟಾದರೂ ಆಗು. ನಿನ್ನ ತಲೆಯ ಮೇಲೆ ನಮ್ಮ ನಾಲ್ವರ ಕೈಯೂ ಇದೆ ಅಂತ ತಿಳಿ.

ನಿನ್ನ ಚಿಕ್ಕಪ್ಪ

ಮರೆತದ್ದು: ಮರೆತಿರಲಿಲ್ಲ, ಬರೆಯಲೋ ಬೇಡವೋ ಅಂತ ಸಹಿ ಹಾಕಿದ ಮೇಲೂ ಕೂತಿದ್ದೆ.

ಮೊನ್ನೆ ಮಧ್ಯಾಹ್ನ, ಕೊಯ್ಲು ಮುಗಿದ ಮೇಲೆ, ತೂಬಿನ ಚಕ್ರಕ್ಕೆ ಗ್ರೀಸ್ ಹಚ್ಚಲು ಅಣ್ಣ ನನ್ನನ್ನು ಕರೆದುಕೊಂಡು ಹೋದ. ನಾನು ಡಬ್ಬಿ ಹಿಡಿದುಕೊಂಡು, ಅವನ ಮನಸ್ಸು ನಾನು ಹೇಗೆ ತಿರುಗಿಸಿದೆ ಅಂತ ಅವನಿಗೇ ಹೇಳುತ್ತಿದ್ದೆ. ಅವನು ಹಚ್ಚುತ್ತಾ ಹಚ್ಚುತ್ತಾ ಅಂದ, "ಅವಳು ಹೇಳಿದ್ದು ನಿಜ ಅಂತ ನನಗೆ ಅವತ್ತೇ ಗೊತ್ತಾಯ್ತು ಕಣೋ. ಗದ್ದೇಲಿ ಗುಳ್ಳೆ ಏಳೋದನ್ನ ನಾನೇನು ನೋಡಿಲ್ವಾ? ತಟ್ಟೆ ಮುಂದೆ ಕೂರೋಕೆ ಆಗ್ಲಿಲ್ಲ, ಎದ್ದುಬಿಟ್ಟೆ."

ಆಮೇಲೆ ಕೇಳಿದ. "ಅಮ್ಮ ತೀರ್ಕೊಂಡ ಬೇಸಿಗೆ ಇತ್ತಲ್ಲ. ಬಿಸಿಲು ತಡೀಲಾರದೆ ಒದ್ದೆ ಬಟ್ಟೆ ಹೊದ್ಕೊಂಡು ಮಲಗ್ತಿದ್ಲಲ್ಲ. ಆ ಬಿಸಿಲಲ್ಲಿ ನಾನು ನಿಲ್ಲಿಸಿದ ನೀರಿನ ಪಾಲು ಎಷ್ಟಿತ್ತು? ಮಗಳಿಗೆ ಲೆಕ್ಕ ಹಾಕೋಕೆ ಬರುತ್ತಾ? ಫೋನ್ ಮಾಡಿದ್ರೆ ಅದನ್ನೇ ಕೇಳಿಬಿಡ್ತೀನೇನೋ ಅಂತ ಮಾಡಿಲ್ಲ."

ಎಲ್ಲದಕ್ಕೂ ಉತ್ತರ ಇರುವವನು ನಾನು. ಡಬ್ಬಿ ಕೆಳಗಿಟ್ಟು ಅವನ ಜೊತೆ ನಾನೂ ಗ್ರೀಸ್ ಹಚ್ಚಿದೆ. ಅವಳು ನನಗೂ ಅಮ್ಮ.

ಲೆಕ್ಕ ಹಾಕಬೇಡ, ಮಗಳೇ. ಅವನ ಹೆಸರಿಗೇ ಒಂದು ಕಾಗದ ಬರೆ. ಅದರಲ್ಲಿ ಏನಿರಬೇಕು ಅಂತ ನನಗೆ ಗೊತ್ತಿಲ್ಲ, ನಿನಗೆ ಗೊತ್ತಿರುತ್ತದೆ. ಈ ವಿಷಯ ನಿನ್ನ ಕಿವಿಗೆ ಹಾಕಬಾರದು ಅಂತ ಗ್ರೀಸ್ ಕೈಯಲ್ಲೇ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಾನೆ. ನಾನು ಯಾವತ್ತು ಅವನ ಮಾತು ಕೇಳಿದ್ದೇನೆ?